ಸಾಸಿವೆಗಿಂತ ಸಣ್ಣ ಬೊಟ್ಟು

ನಾನು ಒಂದು ಮೌಸ್. ಕಂಪ್ಯೂಟರಿನ ಬಲಮಗ್ಗುಲಲ್ಲಿ, ಮನುಷ್ಯರ ಅಂಗೈಯ ಅಡಿಯಲ್ಲಿ ಬದುಕು ಸವೆಸಿದ ಪ್ರಾಣಿ. ಹುಟ್ಟಿದ್ದು ಯಾವ ದೇಶವೋ ತಿಳಿಯದು. ಉದ್ದನೆಯ ಮೇಜೊಂದರ ಮೇಲೆ ಯಾರೋ ನನ್ನ ಹೊಟ್ಟೆಯಲ್ಲಿ ಕೆಂಪು ದೀಪ ಇಟ್ಟರು, ಇನ್ಯಾರೋ ಬೆನ್ನಿಗೆ ಎರಡು ಗುಂಡಿ ಕೂರಿಸಿದರು, ಮತ್ತೊಬ್ಬರು ಬಾಲ ಸಿಕ್ಕಿಸಿದರು. ಕೊನೆಯಲ್ಲಿ ಒಬ್ಬಾಕೆ ಎರಡು ಗುಂಡಿಗಳನ್ನೂ ಹತ್ತು ಹತ್ತು ಸಲ ಒತ್ತಿ, ಮುಖ ಸಿಂಡರಿಸಿ ನೋಡಿದಳು. ಹುಟ್ಟಿದ ಗಳಿಗೆಯಲ್ಲೇ ನನ್ನನ್ನು ಹೀಗೆ ಅನುಮಾನಿಸಿದ್ದರಿಂದಲೋ ಏನೋ, ಅನುಮಾನ ನನಗೂ ಅಂಟಿಕೊಂಡಿತು. ಇಂದಿಗೂ ಯಾರು ಬಂದು ಕೈಯಿಟ್ಟರೂ ಇವರ ಲೆಕ್ಕಾಚಾರ ಏನಿರಬಹುದು ಎಂದೇ ಮೊದಲು ಯೋಚಿಸುತ್ತೇನೆ.

ಡಬ್ಬಿಯಿಂದ ನಾನು ಹೊರಬಂದದ್ದು ರಾಣೆಬೆನ್ನೂರಿನ ಒಂದು ಪ್ರೆಸ್ಸಿನಲ್ಲಿ. ಅಲ್ಲಿ ಅಚ್ಚಾಗುತ್ತಿದ್ದುದು ಬೀಜದ ಪೊಟ್ಟಣಗಳ ಲೇಬಲ್ಲು. ಬದನೆ, ಬೆಂಡೆ, ಮೆಣಸಿನಕಾಯಿ, ಹೀರೆ, ಒಟ್ಟು ನೂರಾ ನಲವತ್ತು ತಳಿ. ನನ್ನ ಮೊದಲ ಯಜಮಾನರು ತಿರಕಪ್ಪ ಚಿತ್ರಗಾರ ಮಾಸ್ತರರು. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು, ಆಮೇಲೆ ಕುಂಚ ಬಿಟ್ಟು ನನ್ನನ್ನು ಹಿಡಿದರು. ನಾನು ಬರುವ ಹೊತ್ತಿಗೆ ಗೆರೆಗಳಿಂದ ಚಿತ್ರ ಕಟ್ಟುವ ಸಾಫ್ಟ್‌ವೇರಿನಲ್ಲಿ ಅವರ ಕೈ ಪಳಗಿತ್ತು. ಅದರಲ್ಲಿ ಬರೆದ ಬದನೆಕಾಯಿಯನ್ನು ಆನೆಯಷ್ಟು ದೊಡ್ಡದು ಮಾಡಿದರೂ ಅಂಚು ಹರಿಯುವುದಿಲ್ಲ. ಆದರೆ ಆ ಗೆರೆ ಎಳೆಯಲು ನಾನು ಬೇಕು. ದಿನಕ್ಕೆ ಸಾವಿರಾರು ಕ್ಲಿಕ್ಕು. ನನಗೆ ಅದರದೇ ಜಂಬ.

ಮಾಸ್ತರರಿಗೆ ಒಂದು ಕಳ್ಳ ಅಭ್ಯಾಸವಿತ್ತು. ಹೊಸ ಲೇಬಲ್ಲು ಮುಗಿದ ಮೇಲೆ ಗಾಜಿನ ಬಾಗಿಲ ಕಡೆ ಒಮ್ಮೆ ನೋಡುವರು. ಸಾಹುಕಾರರು ಬರುತ್ತಿಲ್ಲ ಎಂದು ಖಾತ್ರಿಯಾದರೆ ನನ್ನನ್ನು ಮೆಲ್ಲಗೆ ಸರಿಸಿಕೊಂಡು ಹೋಗಿ, ಕಾಯಿಯ ತೊಟ್ಟಿನ ಬಳಿಯೋ ಎಲೆಯ ನೆರಳಲ್ಲೋ ಒಂದೇ ಒಂದು ಕ್ಲಿಕ್ಕು. ಸಾಸಿವೆಗಿಂತ ಸಣ್ಣ ಕರೀ ಬೊಟ್ಟು. ಅಷ್ಟು ಚೆಂದದ ಕಾಯಿಗೆ ದೃಷ್ಟಿ ತಾಗಬಾರದಲ್ಲ. ಸಾಹುಕಾರ ಚನ್ನವೀರಪ್ಪನವರಿಗೆ ಗೊತ್ತಾದರೆ ಮುಗಿಯಿತು, ಬೀಜದ ಕಂಪನಿ ಒಪ್ಪಿದ ಚಿತ್ರದ ಮೇಲೆ ಒಂದು ಚುಕ್ಕೆ ಹೆಚ್ಚು ಕೂಡದು ಎಂಬುದು ಅವರ ಕಟ್ಟಪ್ಪಣೆ. ಈ ಕಳ್ಳತನದಲ್ಲಿ ನಾನೂ ಪಾಲುದಾರ. ನಮ್ಮಿಬ್ಬರನ್ನು ಬಿಟ್ಟರೆ ಪ್ರೆಸ್ಸಿನಲ್ಲಿ ಮೂರನೆಯವರಿಗೆ ಅದು ತಿಳಿದಿರಲಿಲ್ಲ.

ಮಾಸ್ತರರ ಕಣ್ಣು ಮಂಜಾದ ಮೇಲೆ ಅವರಿಗೊಂದು ಭೂತಗನ್ನಡಿ ಕೊಟ್ಟು ಲೇಬಲ್ಲಿನ ಅಕ್ಷರ ತಿದ್ದುವ ಮೇಜಿಗೆ ಕೂರಿಸಿ, ನನ್ನ ಮುಂದಿನ ಕುರ್ಚಿಗೆ ದಾಕ್ಷಾಯಣಿ ಎಂಬಾಕೆಯನ್ನು ತಂದರು. ಇಪ್ಪತ್ತೆಂಟರ ಆಸುಪಾಸಿನ ಹೆಂಗಸು, ಕಡಿಮೆ ಮಾತು, ತೆಳ್ಳನೆಯ ಬೆರಳು. ಕೆಲಸವೇನೋ ಹಳೆಯದೇ. ಪ್ರತಿ ಹಂಗಾಮಿಗೂ ಹಳೇ ಲೇಬಲ್ಲು ತೆರೆ, ಲಾಟ್ ನಂಬರು ಬದಲಿಸು, ತಾರೀಖು ಬದಲಿಸು, ಉಳಿಸು, ಮುಚ್ಚು. ನೂರಾ ನಲವತ್ತು ಸಲ. ನಾಲ್ಕು ದಿನ ಹಿಡಿಯುತ್ತಿತ್ತು, ಮಣಿಕಟ್ಟು ಊದಿಕೊಳ್ಳುತ್ತಿತ್ತು. ಆಕೆ ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುವಾಗ ನನಗೆ ಪಾಪ ಅನ್ನಿಸಿದ್ದೂ ಉಂಟು.

ಆ ಪಾಪ ಬಹಳ ದಿನ ಉಳಿಯಲಿಲ್ಲ. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಆಕೆ ಬುತ್ತಿಯನ್ನು ಪಕ್ಕಕ್ಕಿಟ್ಟು ಒಂದು ಬಿಳೀ ಕಿಟಕಿ ತೆರೆಯತೊಡಗಿದಳು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಸಾಲು ಸಾಲು ಅಕ್ಷರ, ಆವರಣ ಚಿಹ್ನೆ, ಅಂಕಿ. ಕೀಲಿಮಣೆ ಟಕಟಕ ಎನ್ನುತ್ತಿತ್ತು, ನಾನು ಸುಮ್ಮನೆ ಬಿದ್ದಿರುತ್ತಿದ್ದೆ. ಯಾರದಾದರೂ ಚಪ್ಪಲಿ ಸದ್ದಾದರೆ ಸಾಕು, ನನ್ನನ್ನು ಹಿಡಿದು ಆ ಕಿಟಕಿ ಮುಚ್ಚಿಬಿಡುವಳು. ಬೆಳಿಗ್ಗೆ ಪರ್ಸಿನಿಂದ ಪೆನ್‌ಡ್ರೈವ್ ಬರುತ್ತಿತ್ತು, ಸಂಜೆ ಪರ್ಸಿಗೇ ಹೋಗುತ್ತಿತ್ತು. ಇವಳದ್ದೇನೋ ನಡೆದಿದೆ ಎಂದುಕೊಂಡೆ. ಮಾಸ್ತರರ ಮೂಗಿಗೂ ವಾಸನೆ ಬಡಿದಿತ್ತು. ಆ ಹುಡುಗಿ ಪೆನ್‌ಡ್ರೈವಿನಲ್ಲಿ ಏನೋ ಹೊರಗೆ ಒಯ್ಯುತ್ತಾಳೆ, ಒಂದು ಕಣ್ಣಿಟ್ಟಿರಿ ಎಂದು ಸಾಹುಕಾರರ ಕಿವಿಗೂ ಹಾಕಿದರು.

ಒಂದು ದಿನ ಗುಟ್ಟು ಹೊರಬಿತ್ತು. ಆಕೆ ಆ ಸಾಫ್ಟ್‌ವೇರಿಗೇ ಹೊಸ ಪಾಠ ಹೇಳಿಕೊಡುತ್ತಿದ್ದಳು. ಕೈಯಿಂದ ಮಾಡುವ ಕೆಲಸವನ್ನು ಸಾಲಾಗಿ ಬರೆದುಕೊಟ್ಟರೆ ಅದು ತಾನೇ ಮಾಡಿಕೊಳ್ಳುತ್ತದಂತೆ, ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರಂತೆ. ಮಾಸ್ತರರನ್ನೂ ಸಾಹುಕಾರರನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ನನ್ನ ಬೆನ್ನ ಮೇಲೆ ಒಂದು ಸಲ ಒತ್ತಿದಳು, ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಲೇಬಲ್ಲುಗಳು ತಾವಾಗಿಯೇ ತೆರೆದುಕೊಂಡವು, ನಂಬರು ಬದಲಿಸಿಕೊಂಡವು, ಮುಚ್ಚಿಕೊಂಡವು. ಸಾಹುಕಾರರ ಚಹಾ ಆರುವುದರೊಳಗೆ ನೂರಾ ನಲವತ್ತೂ ಮುಗಿದಿದ್ದವು. ಹಳೇ ಚಿತ್ರಗಳನ್ನು ಸ್ಕ್ಯಾನ್ ಮಾಡುವಾಗ ಕೂತ ಧೂಳಿನ ಚುಕ್ಕೆಗಳನ್ನು ತೆಗೆಯವ್ವಾ ಎಂದು ಮಾಸ್ತರರೇ ಹಿಂದೊಮ್ಮೆ ಗೊಣಗಿದ್ದರು. ಅವರಿಗೆ ಖುಷಿಯಾಗಲೆಂದು ಆಕೆ ಅದಕ್ಕೂ ಒಂದು ಸಾಲು ಸೇರಿಸಿದ್ದಳು. ಒಂದು ಮಿಲಿಮೀಟರಿಗಿಂತ ಸಣ್ಣದು ಏನು ಸಿಕ್ಕರೂ ಗುಡಿಸಿ ಹಾಕು.

ಸಾಹುಕಾರರು ಭೇಷ್ ಎಂದರು. ಮಾಸ್ತರರು ಕಣ್ಣು ಕಿರಿದು ಮಾಡಿ ನಿಂತಿದ್ದರು. ಕೈ ಮುಟ್ಟದೆ ಆದ ಕೆಲಸವನ್ನು ಅವರು ನಂಬುವವರಲ್ಲ. ನನಗಂತೂ ಹೊಟ್ಟೆ ಉರಿದುಹೋಯಿತು. ಇದು ಹೀಗೇ ನಡೆದರೆ ನಾಳೆ ನನ್ನನ್ನು ಕೇಳುವವರು ಯಾರು? ಆ ಗುಡಿಸುವ ಸಾಲು ಓಡಿದಾಗ ನಮ್ಮ ಬೊಟ್ಟುಗಳೂ ಒಂದೊಂದಾಗಿ ಹೋದದ್ದನ್ನು ನಾನು ಕಂಡೆ. ಹೋಗಲಿ, ಬೊಟ್ಟಿಲ್ಲದ ಕಾಯಿಗೆ ದೃಷ್ಟಿ ತಾಗಿದಾಗ ಇವಳಿಗೆ ತಕ್ಕ ಶಾಸ್ತಿಯಾಗುತ್ತದೆ ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರು ವಾರ ಕಳೆಯಿತು. ಬ್ಯಾಡಗಿಯ ಬೀಜದಂಗಡಿಯ ಗನೀಸಾಬರು ಆರು ಪೆಟ್ಟಿಗೆ ಮೆಣಸಿನ ಬೀಜವನ್ನು ನಕಲಿ ಎಂದು ವಾಪಸು ಕಳಿಸಿದರು. ಸುತ್ತಮುತ್ತಲ ಸಂತೆಗಳಲ್ಲಿ ನಮ್ಮದೇ ಲೇಬಲ್ಲಿನ ನಕಲಿ ಪೊಟ್ಟಣಗಳು ವರ್ಷಗಳಿಂದ ಓಡಾಡುತ್ತಿದ್ದುದು, ಆ ವರ್ಷ ಹೆಚ್ಚಾಗಿದ್ದುದು ನಿಜ. ಬೀಜದ ಕಂಪನಿಯವರು ಸಾಹುಕಾರರಿಗೆ ಫೋನಿನಲ್ಲಿ ಸರಿಯಾಗಿ ಜಾಡಿಸಿದರು. ನಿಮ್ಮ ಪ್ರೆಸ್ಸಿನಿಂದಲೇ ಲೇಬಲ್ಲು ಹೊರಗೆ ಹೋಗಿದೆ, ಒಳಗಿನವರದೇ ಕೈವಾಡ ಎಂದರು. ಸಾಹುಕಾರರಿಗೆ ಪೆನ್‌ಡ್ರೈವ್ ನೆನಪಾಯಿತು. ನೇರವಾಗಿ ಬಂದು ಕುರ್ಚಿಯ ಹಿಂದೆ ನಿಂತರು.

"ದಿನಾ ಅದರಾಗ ಏನ್ ಒಯ್ತಿದ್ದಿ?"

"ಪಾಠ ರೀ. ಮನ್ಯಾಗ ಬರದದ್ದನ್ನ ಇಲ್ಲಿ ಓಡಿಸಿ ನೋಡ್ತಿದ್ದೆ."

"ಪಾಠ ಆದ್ರ ಮುಚ್ಚಿ ಯಾಕ ಇಡ್ತಿದ್ದಿ?"

"ಬರಲಿಲ್ಲಂದ್ರ ಎಲ್ಲಾರೂ ನಗ್ತಾರಂತ ರೀ."

ಸಾಹುಕಾರರು ನಂಬಲಿಲ್ಲ. ನಾಳೆಯಿಂದ ಬರುವುದು ಬೇಡ, ಪೊಲೀಸರಿಗೆ ಹೇಳಬೇಕೋ ಬೇಡವೋ ಆಮೇಲೆ ನೋಡೋಣ ಎಂದರು. ದಾಕ್ಷಾಯಣಿ ಅಳಲಿಲ್ಲ. ಅವಳ ಕೈ ನನ್ನ ಮೇಲೇ ಇತ್ತು. ಬೈಸಿಕೊಳ್ಳುತ್ತಲೇ ಅದು, ಅರ್ಧಕ್ಕೆ ನಿಂತಿದ್ದ ಲೇಬಲ್ಲನ್ನು ಸರಿಯಾಗಿ ಉಳಿಸಿ ಮುಚ್ಚಿತು. ಕಳ್ಳರ ಕೈ ಹೇಗಿರುತ್ತದೆಂದು ನನಗೆ ಗೊತ್ತಿಲ್ಲ, ಆದರೆ ಇದು ಕಳ್ಳರ ಕೈಯಲ್ಲ ಎಂದು ಮಾತ್ರ ಆಗ ಗೊತ್ತಾಯಿತು. ನನಗೆ ಬಾಯಿಲ್ಲ. ಇದ್ದಿದ್ದರೆ ಅವತ್ತು ಬೊಟ್ಟಿನ ವಿಷಯ ಹೇಳುತ್ತಿದ್ದೆನೆಂದು ಅಂದುಕೊಂಡಿದ್ದೇನೆ.

ಅಷ್ಟರಲ್ಲಿ ಮಾಸ್ತರರು ತಮ್ಮ ಮೇಜಿನಲ್ಲಿ ಕೂತು, ವಾಪಸು ಬಂದ ಒಂದು ಪೊಟ್ಟಣವನ್ನೂ ಹೋದ ವರ್ಷದ ಒಂದನ್ನೂ ಭೂತಗನ್ನಡಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದರು. ಕೊನೆಗೆ ಎರಡನ್ನೂ ಕೆಳಗಿಟ್ಟರು. ಹಳೇ ಅಭ್ಯಾಸದಂತೆ ಗಾಜಿನ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ, ಸಾಹುಕಾರರು ಎದುರಿಗೇ ನಿಂತಿದ್ದರು. ಅರವತ್ತೈದು ದಾಟಿದ ಮನುಷ್ಯ, ಈ ಕೆಲಸ ಹೋದರೆ ಮಂಜುಗಣ್ಣಿಗೆ ಇನ್ನೊಂದು ಕೆಲಸ ಯಾರು ಕೊಟ್ಟಾರು?

"ಸಾಹುಕಾರ್ರ, ಈ ಪೊಟ್ಟಣ ನಮ್ದ. ನಕಲಿ ಅಲ್ಲ. ಇದರಾಗ ಬೊಟ್ಟಿಲ್ಲ, ಅಷ್ಟ."

"ಯಾವ ಬೊಟ್ಟು?"

"ದೃಷ್ಟಿಬೊಟ್ಟು. ಎಲ್ಲಾ ಲೇಬಲ್ಲಿಗೂ ನಾನ ಇಡ್ತಿದ್ದೆ, ನಿಮಗ ಕಾಣದಂಗ. ಈಕಿ ಅದನ್ನ ಧೂಳಂತ ಗುಡಿಸ್ಯಾಳ. ಗುಡಿಸು ಅಂತ ಹೇಳಿದಾಂವನೂ ನಾನ."

ಸಾಹುಕಾರರ ಮುಖ ಕೆಂಪಾಯಿತು. ಗನೀಸಾಬರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಇಟ್ಟರು. ನಕಲಿ ಅಂತ ಹೇಗೆ ಗೊತ್ತು ಮಾಡಿದಿರಿ ಎಂದು ಕೇಳಿದರು.

"ಏಳೆಂಟ್ ವರ್ಷದಿಂದ ನೋಡ್ತೀನಲ್ರೀ," ಎಂದಿತು ಫೋನು. "ಕರೀ ಬೊಟ್ಟಿದ್ರ ನಿಮ್ದು, ಇಲ್ಲಂದ್ರ ನಕಲಿ. ನಕಲಿ ಮಾಡಾವ್ರು ಅದನ್ನ ಹೊಲಸಂತ ಬಿಟ್ಟಬಿಡ್ತಾರ. ಯಾಕ್ರೀ, ಗುರುತಿಗಂತ ನೀವ ಇಟ್ಟದ್ದಲ್ಲೇನು ಅದು?"

ಹೌದು, ನಾವೇ ಇಟ್ಟದ್ದು ಎಂದು ಹೇಳಿ ಸಾಹುಕಾರರು ಫೋನು ಇಟ್ಟರು. ಮಾಸ್ತರರನ್ನು ಬೈಯಲಿಲ್ಲ, ದಾಕ್ಷಾಯಣಿಯ ಹತ್ತಿರ ತಪ್ಪಾಯಿತು ಎನ್ನಲೂ ಇಲ್ಲ. ದೊಡ್ಡವರ ರೀತಿಯೇ ಹಾಗೆ. ಆ ಬೊಟ್ಟನ್ನು ಸ್ಕ್ರಿಪ್ಟೇ ಇಡುವಂತೆ ಮಾಡಲು ಬರುತ್ತದೆಯೇ ಎಂದಷ್ಟೇ ಕೇಳಿದರು. ಒಂದೇ ಸಾಲಿನ ಕೆಲಸ ಎಂದಳು ಆಕೆ. ಮಾಸ್ತರರು ಬೇಡ ಎಂದರು. ಕಾಯಿಯನ್ನು ಕಣ್ಣಿಟ್ಟು ನೋಡದೆ ಇಟ್ಟದ್ದು ದೃಷ್ಟಿಬೊಟ್ಟು ಹೇಗಾಗುತ್ತದೆ ಎಂಬುದು ಅವರ ವಾದ.

ದಾಕ್ಷಾಯಣಿ ಎರಡು ದಿನ ಕೂತು ಅದನ್ನು ಮತ್ತೆ ಬರೆದಳು. ಈಗ ಎಲ್ಲರ ಕಣ್ಣೆದುರೇ. ಸ್ಕ್ರಿಪ್ಟ್ ಓಡುತ್ತದೆ, ನಂಬರು ಬದಲಿಸುತ್ತದೆ, ಧೂಳಿನ ಜೊತೆ ಹಳೇ ಬೊಟ್ಟನ್ನೂ ಗುಡಿಸುತ್ತದೆ. ಉಳಿಸುವ ಮೊದಲು ಮಾತ್ರ ತಡೆದು ನಿಂತು ಕಾಯುತ್ತದೆ. ಮನುಷ್ಯರು ಚಿತ್ರವನ್ನು ನೋಡಿ ಒಂದು ಕಡೆ ಕ್ಲಿಕ್ ಮಾಡುವವರೆಗೆ ಮುಂದೆ ಹೋಗುವುದಿಲ್ಲ. ಬೊಟ್ಟು ಎಲ್ಲಿಡಲಿ ಎಂದು ಮೊದಲ ಸಲ ಆಕೆ ಮಾಸ್ತರರನ್ನು ಕೇಳಿದಳು.

"ನಿನ್ನ ಕಣ್ಣು ಎಲ್ಲಿ ಭಾಳ ಹೊತ್ತು ನಿಲ್ಲತೈತಿ ನೋಡವಾ," ಎಂದರು ಅವರು. "ದೃಷ್ಟಿ ತಾಗೂದು ಅಲ್ಲೇ."

ದಿನಕ್ಕೆ ಸಾವಿರಾರು ಹೋಗಿ ಹಂಗಾಮಿಗೆ ನೂರಾ ನಲವತ್ತು ಕ್ಲಿಕ್ಕಿಗೆ ಇಳಿಯಿತು ನನ್ನ ದುಡಿಮೆ. ಆದರೆ ಪ್ರತಿಯೊಂದು ಕ್ಲಿಕ್ಕಿಗೂ ಮುಂಚೆ ಆ ತೆಳ್ಳನೆಯ ಬೆರಳು ನನ್ನ ಮೇಲೆ ಸುಮ್ಮನೆ ಕಾಯುತ್ತಿತ್ತು. ಅಂಥ ಮರ್ಯಾದೆ ನನಗೆ ಹಿಂದೆ ಸಿಕ್ಕಿರಲಿಲ್ಲ.

ಎರಡು ವರ್ಷದ ಮೇಲೆ ನನ್ನ ಎಡಗುಂಡಿ ಸಡಿಲವಾಯಿತು. ಒಮ್ಮೆ ಒತ್ತಿದರೆ ಎರಡು ಸಲ ಬೀಳತೊಡಗಿತು. ಒಂದು ಹೀರೆಕಾಯಿಯ ಮೇಲೆ ಎರಡು ಬೊಟ್ಟು ಕೂತವು. ದಾಕ್ಷಾಯಣಿ ತೆರೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಪರಿಚಯ ನನಗಿತ್ತು. ಹುಟ್ಟಿದ ದಿನ ಅದೇ ನೋಟ ಕಂಡಿದ್ದೆ, ಆಮೇಲೆ ಊಟದ ಹೊತ್ತಿನಲ್ಲಿ ಇವಳನ್ನು ನಾನು ನೋಡಿದ್ದೂ ಹಾಗೆಯೇ. ಆಕೆ ಹತ್ತು ಸಲ ಒತ್ತಿ ನೋಡಿ, ಬಾಲ ಸುತ್ತಿ, ನನ್ನನ್ನು ಡ್ರಾಯರಿನಲ್ಲಿ ಮಲಗಿಸಿದಳು. ಕೆಲಸ ಬಿಟ್ಟು ಮನೆಗೆ ಹೋದ ಮಾಸ್ತರರ ಭೂತಗನ್ನಡಿ ಅಲ್ಲಿ ಮೊದಲೇ ಇತ್ತು.

ಈಗ ಕತ್ತಲಲ್ಲಿ ಮಲಗಿ ಮೇಲಿನ ಸದ್ದು ಕೇಳುತ್ತೇನೆ. ಹೊಸ ಮೌಸ್ ಹೇಗಿದೆಯೋ, ಅದನ್ನು ನಂಬಬಹುದೋ ಇಲ್ಲವೋ ನಾನರಿಯೆ. ಸ್ಕ್ರಿಪ್ಟ್ ಓಡುವಾಗ ಸದ್ದೇ ಇರುವುದಿಲ್ಲ. ನಡುವೆ ಅದು ತಡೆದು ನಿಲ್ಲುತ್ತದೆ, ಆಕೆ ನೋಡುತ್ತಿರುತ್ತಾಳೆ, ನಾನೂ ಉಸಿರು ಬಿಗಿಹಿಡಿಯುತ್ತೇನೆ. ಆಮೇಲೆ ಒಂದು ಕ್ಲಿಕ್ಕು ಕೇಳಿಸುತ್ತದೆ. ಒಂದೇ.