ಸುಲುವೇತಿಯ ಬೀಸುಬಲೆ

ತೊರಿಕಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಒಳಗೆ ಕಾಲಿಟ್ಟರೆ ನೋಡು! ನಮ್ಮವ್ವನ್ನ ತಿಂದುಕೊಂಡಿದ್ದು ಸಾಲದಾ ನಿಂಗೆ?"

ಅಂಗಳದಲ್ಲಿ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಹೆಂಗಸರ ಕೈಗಳು ನಿಂತವು. ಒಳಗೆ, ಒಂದರ ಮೇಲೊಂದು ಹಾಸಿದ ಚಾಪೆಗಳ ಮೇಲೆ ಅವಳ ಅವ್ವ ಸುಲುವೇತಿಯ ಶವಪೆಟ್ಟಿಗೆ. ಹೊಸ್ತಿಲಾಚೆ ಕಪ್ಪು ಬಟ್ಟೆ ತೊಟ್ಟ ಹುಡುಗಿ, ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಚಾಪೆ. ಹೆಸರು ಕೆಲೇರಾ, ಸುವಾ ಪಟ್ಟಣದಲ್ಲಿ ನರ್ಸು. ಹುಟ್ಟೂರು ದೆಲಾಯ್ ದ್ವೀಪ. ಅಂದರೆ ನಮ್ಮ ನಾಸೋಲೋಗೆ ತೌವು.

ತೌವು ಅಂದರೆ ನಮ್ಮಲ್ಲಿ ಸಣ್ಣ ಸಂಬಂಧವಲ್ಲ. ಎರಡೂ ಊರಿಗೆ ಮೂಲದೈವ ಒಂದೇ. ಹಾಗಾಗಿ ಆ ಊರಿನವರು ಬಂದರೆ ಬಾಯಿಗೆ ಬಂದಂತೆ ಬೈಯಬಹುದು, ಮನೆಗೆ ನುಗ್ಗಿ ಕಣ್ಣಿಗೆ ಬಿದ್ದದ್ದನ್ನು ಹೊತ್ತುಕೊಂಡು ಹೋಗಬಹುದು. ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಸಾವಿನ ಮನೆಯಲ್ಲಂತೂ ಅವರದೇ ದರ್ಬಾರು: ಅಳುವವರನ್ನೂ ಬಿಡುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿದವರನ್ನೂ ಬಿಡುವುದಿಲ್ಲ. ತೌವಿನವರು ಬಂದು ನಗಿಸದೆ ಹೋದರೆ ಸತ್ತವರಿಗೆ ಅವಮಾನ ಮಾಡಿದ ಹಾಗೆ. ಅಂಥ ಊರಿನ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

"ಬಿಡು ತೊರಿಕಾ. ಚಾಪೆ ತಂದಿದ್ದಾಳೆ, ಒಳಗೆ ಕರಿ," ಎಂದ ವಿಲಿಮೋನಿ. ಅವನು ಸುಲುವೇತಿಯ ತಮ್ಮ, ತೊರಿಕಾಗೆ ಸೋದರಮಾವ. ಗೋಡೆಗೆ ಒರಗಿ ಯಂಗೋನ ಬೇರಿನ ಪಾನಕ ಕುಡಿಯುತ್ತ ಕುಳಿತಿದ್ದ.

"ನಿಮಗೆ ಗೊತ್ತಿಲ್ಲ ಮಾವ. ಸಾವಿನ ವಿಷಯಾನ ತಮಾಷೆ ಮಾಡಿ ಹೇಳಿದ್ದು ಇವಳೇ. ಅವ್ವ ನಕ್ಕೊಂಡು ಆಸ್ಪತ್ರೆಯಿಂದ ಎದ್ದು ಬಂದ್ಲು."

"ಅದು ತಮಾಷೆ ಅಲ್ಲ ಅಕ್ಕ," ಎಂದಳು ಕೆಲೇರಾ. "ನಿಜಾನೇ ಹೇಳಿದ್ದೆ."

*

ಹಿಂದಿನ ಶನಿವಾರ ಸುಲುವೇತಿ ಮಗಳ ಮನೆಗೆಂದು ಸುವಾಗೆ ಹೋಗಿದ್ದಳು. ಎರಡು ದಿನ ಇದ್ದು, ಮೊಮ್ಮಕ್ಕಳಿಗೆ ಮೀನು ಬೇಯಿಸಿ ಹಾಕಿ, ಭಾನುವಾರದ ಚರ್ಚು ಮುಗಿಸಿ ಬರುವ ಲೆಕ್ಕ. ಬಸ್‌ಸ್ಟ್ಯಾಂಡಿನಿಂದ ಮಗಳ ಮನೆಯ ದಿಬ್ಬ ಹತ್ತುವಾಗ ಎದೆ ಹಿಡಿದುಕೊಂಡು ಮೀನಿನ ಚೀಲದ ಮೇಲೆಯೇ ಕುಳಿತುಬಿಟ್ಟಳು. ತುಟಿ ನೀಲಿಗಟ್ಟಿತ್ತು. ತೊರಿಕಾ ಬೈದು, ಅತ್ತು, ಟ್ಯಾಕ್ಸಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಒಯ್ದಳು.

"ಯಾವೂರಜ್ಜಿ?" ಎಂದು ಕೇಳಿದ್ದಳು ಕೆಲೇರಾ, ಮಣಿಕಟ್ಟು ಹಿಡಿದು.

"ನಾಸೋಲೋ."

"ಅದಕ್ಕೇ ನಾಡಿ ಸಿಗ್ತಿಲ್ಲ. ನಿಮ್ಮೂರಲ್ಲಿ ರಕ್ತವೂ ಸೋಮಾರಿ."

ಸುಲುವೇತಿಯ ಕಣ್ಣು ಅರಳಿತು. "ದೆಲಾಯ್‌ನವಳಾ? ತೊರಿಕಾ, ನನ್ನ ಚಪ್ಪಲಿ ಎತ್ತಿಟ್ಕೊಳೇ! ಹೋಗೋ ಹೊತ್ತಿಗೆ ಇರಲ್ಲ."

ಇಡೀ ವಾರ್ಡು ನಕ್ಕಿತು. ಆಮೇಲೆ ಹೃದಯದ ಇಸಿಜಿ ಪಟ್ಟಿ ತೆಗೆದರು. ಡಾಕ್ಟರು ಹೊರದೇಶದವರು. ಇಂಗ್ಲಿಷಿನಲ್ಲಿ ಏನೋ ಹೇಳಿ, ಅಜ್ಜಿಗೆ ಅವರ ಭಾಷೆಯಲ್ಲಿ ತಿಳಿಸು ಎಂದು ಕೆಲೇರಾಗೆ ಒಪ್ಪಿಸಿ ಹೋದರು.

"ಅಜ್ಜಿ, ನೀವು ಈಗಲೇ ಅಡ್ಮಿಟ್ ಆಗ್ಬೇಕು. ಮನೆಗೆ ಹೋದ್ರೆ ಮುಂದಿನ ಭಾನುವಾರ ನಿಮ್ಮನ್ನ ಚರ್ಚಿಗೆ ಹೊತ್ಕೊಂಡು ಹೋಗ್ತಾರೆ."

ದೆಲಾಯ್‌ನವರ ಬಾಯಿಂದ ಆ ಮಾತು! ಎಲ್ಲರೂ ಹೋ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ತೊರಿಕಾ.

"ಹೊರೋಕೆ ನೀನೇ ಬಾರೇ," ಎಂದು ಸುಲುವೇತಿ ಎದ್ದು ಕುಳಿತಳು. "ಬಂದಾಗ ನನ್ನ ಬೀಸುಬಲೆ ಕದ್ಕೊಂಡು ಹೋಗು. ನಿಮ್ಮೂರ ಗಂಡಸರಿಗೇ ಎಸೆಯೋಕೆ ಬರಲ್ಲ, ಇನ್ನು ನಿಂಗೆ!"

"ಅಜ್ಜಿ, ನಾನು ತಮಾಷೆ ಮಾಡ್ತಿಲ್ಲ..."

"ದೆಲಾಯ್‌ನವರು ತಮಾಷೆ ಮಾಡ್ತಿಲ್ವಂತೆ! ಕೇಳಿದ್ರೇನ್ರೇ?"

ಮತ್ತೆ ನಗು. ಆ ನಗುವಿನ ನಡುವೆ ಸುಲುವೇತಿ ಹುಡುಗಿಯ ಗಲ್ಲ ಹಿಡಿದು ಅವಳ ಮುಖವನ್ನೇ ನೋಡಿದಳು. ಆ ಹುಡುಗಿಯೊಬ್ಬಳು ಆಗ ನಗುತ್ತಿರಲಿಲ್ಲ. ಆಮೇಲೆ ಸುಲುವೇತಿ ಚಪ್ಪಲಿ ಮೆಟ್ಟಿ ಹೊರಟಳು.

*

"ಮೊದಲೇ ಹಾಗೆಲ್ಲ ಗೇಲಿ ಮಾಡದೆ ಇದ್ದಿದ್ರೆ ನನ್ನ ಮಾತು ನಂಬ್ತಿದ್ರು," ಎಂದಳು ಕೆಲೇರಾ. "ಅದನ್ನೇ ಹೇಳಿ ಹೋಗೋಣ ಅಂತ ಬಂದೆ. ಕ್ಷಮಿಸಿ ಅಕ್ಕ."

"ನಾನೂ ನಕ್ಕೆನಲ್ಲೇ!" ತೊರಿಕಾಳ ದನಿ ಒಡೆಯಿತು. "ಅವ್ವ ಸಾಯ್ತಾಳೆ ಅಂತ ನೀನು ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಕ್ಕೆ. ನನ್ನನ್ನ ಯಾರು ಕ್ಷಮಿಸ್ತಾರೆ?"

ವಿಲಿಮೋನಿ ಬಟ್ಟಲು ಕೆಳಗಿಟ್ಟು, ಹುಡುಗಿಯನ್ನು ಹೊಸದಾಗಿ ಕಂಡವನಂತೆ ನೋಡಿದ.

"ಓಹೋ! ಆ ಕಳ್ಳಿ ನೀನೇನಾ?"

"ಮಾವ, ಏನದು?"

"ಬಾಗಿಲ ಪಕ್ಕ ನೋಡು. ಅದ್ಯಾಕೆ ಅಲ್ಲಿದೆ?"

ಬಾಗಿಲ ಪಕ್ಕದ ಗೂಟದಲ್ಲಿ ಬೀಸುಬಲೆ ನೇತಾಡುತ್ತಿತ್ತು. ಬಂದವರೆಲ್ಲ ಅದನ್ನು ಸರಿಸಿಕೊಂಡೇ ಒಳಗೆ ಬಂದಿದ್ದರು. ನಾಸೋಲೋದಲ್ಲಿ ಬೀಸುಬಲೆ ಎಸೆಯುವುದು ಗಂಡಸರ ಕೆಲಸ. ಗಂಡ ತೀರಿಕೊಂಡ ವರ್ಷ ಸುಲುವೇತಿ ಅವನ ಬಲೆಯನ್ನು ಹೆಗಲಿಗೇರಿಸಿ ನೀರಿಗಿಳಿದಾಗ ಊರೆಲ್ಲ ಆಡಿಕೊಂಡಿತ್ತು. ಆಡಿಕೊಂಡವರೇ ಆಮೇಲೆ ಅವಳ ಬಾಗಿಲಿಗೆ ಮೀನಿಗೆ ಬರುತ್ತಿದ್ದರು. ಆ ಬಲೆಯನ್ನು ಒಡಹುಟ್ಟಿದ ತಮ್ಮನಿಗೂ ಮುಟ್ಟಗೊಡದೆ ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಿದ್ದಳು.

"ಸುವಾದಿಂದ ಬಂದ ಮಾರನೇ ದಿನ ಮೀನಿನ ಹಿಂಡು ಬಂತು," ಎಂದ ವಿಲಿಮೋನಿ. "ಇಡೀ ದಿನ ನೀರಲ್ಲಿ ನಿಂತ್ಲು. ಸಂಜೆ ಬಲೆ ತೊಳೆದು, ಹರಿದಲ್ಲಿ ಹೆಣೆದು, ಇಲ್ಲಿ ತೂಗುಹಾಕಿದ್ಲು. ಬಾಗಿಲಲ್ಲಿಟ್ರೆ ಕದೀತಾರಕ್ಕ ಅಂದೆ. ಕದೀಲಿ ಅಂತಲೇ ಇಟ್ಟಿದ್ದು, ಸುವಾದಿಂದ ಒಬ್ಬಳು ಕಳ್ಳಿ ಬರ್ತಾಳೆ, ನನಗೆ ನಿಜ ಹೇಳಿದೋಳು, ಬೇರೆ ಯಾರೂ ಮುಟ್ಟಬಾರದು ಅಂದ್ಲು. ಮುದುಕಿಗೆ ಅರಳುಮರಳು ಅಂದ್ಕೊಂಡೆ."

ತೊರಿಕಾಳ ಕೈಗಳು ಬಾಗಿಲಿನಿಂದ ಜಾರಿದವು.

"ಗೊತ್ತಿತ್ತಾ ಅವ್ವಂಗೆ?"

"ಗೊತ್ತಿತ್ತು. ತಮಾಷೆ ಮಾಡಿದ್ದು ಈ ಹುಡುಗಿ ಅಲ್ಲಮ್ಮ, ನಿಮ್ಮವ್ವ. ನಿಜ ಅಂತ ಗೊತ್ತಾಗಿದ್ರೆ ನೀನು ಅವಳನ್ನ ಮತ್ತೆ ನೀರಿಗಿಳಿಯೋಕೆ ಬಿಡ್ತಿದ್ಯಾ?"

"ಮಂಚಕ್ಕೆ ಕಟ್ಟಿಹಾಕ್ತಿದ್ದೆ!"

"ಅದಕ್ಕೇ."

ತೊರಿಕಾ ಪೆಟ್ಟಿಗೆಯ ಕಡೆ ತಿರುಗಿದಳು. "ಮೋಸಗಾತಿ!" ಎಂದು ಕೂಗಿದಳು. "ನಕ್ಕೂ ನಕ್ಕೂ ನನ್ನನ್ನ ಏಮಾರಿಸಿದ್ಯಲ್ಲೇ!" ಪೆಟ್ಟಿಗೆಯ ಬಳಿ ಕುಳಿತಿದ್ದ ಪಾದ್ರಿಗಳು ಗಾಬರಿಯಿಂದ ಬೈಬಲ್ಲು ಮುಚ್ಚಿದರು. ಮುಖ ಒರೆಸಿಕೊಂಡು ಅವಳು ಕೆಲೇರಾಳ ಕಡೆ ನೋಡಿದಳು.

"ಏನೇ ಹಾಗೆ ನಿಂತಿದ್ದೀಯ? ದೆಲಾಯ್‌ನವರಿಗೆ ಕದಿಯೋದನ್ನೂ ನಾವೇ ಹೇಳಿಕೊಡ್ಬೇಕಾ?"

ಕೆಲೇರಾ ಒಳಗೆ ಬಂದು ಚಾಪೆ ಹಾಸಿದಳು, ಪೆಟ್ಟಿಗೆಗೆ ಹಣೆ ಹಚ್ಚಿ ಮನಸಾರೆ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ಭಾನುವಾರ ಅಂದಿದ್ದೆ ಅಜ್ಜಿ, ಗುರುವಾರಕ್ಕೇ ಹೊರಟ್ರಿ. ನಾಸೋಲೋದವರಿಗೆ ಹೇಳಿದ ಮಾತು ಕೇಳಿ ಅಭ್ಯಾಸವೇ ಇಲ್ಲ!"

ಗೆಡ್ಡೆ ಹೆರೆಯುವ ಹೆಂಗಸರು ಮೊದಲು ನಕ್ಕರು, ಆಮೇಲೆ ಇಡೀ ಮನೆ. ಕೆಲೇರಾ ಗೂಟದ ಬಲೆಯನ್ನು ಕಿತ್ತುಕೊಂಡು ಓಡಿದಳು. ಕಳ್ಳಿ, ಹಿಡೀರಿ ಎಂದು ತೊರಿಕಾ ಅಂಗಳದ ಕೊನೆಯವರೆಗೂ ಅಟ್ಟಿಸಿಕೊಂಡು ಹೋದಳು. ಆ ನಗುವಿನಲ್ಲೇ ನಾವು ಸುಲುವೇತಿಯನ್ನು ಹೊತ್ತೆವು.

ಮಣ್ಣು ಮುಗಿಸಿ ಬಂದಾಗ ಸಮುದ್ರ ಉಕ್ಕುತ್ತಿತ್ತು. ದೋಣಿಗೆ ಕಾಯುತ್ತಿದ್ದ ಕೆಲೇರಾ ಮೊಣಕಾಲುದ್ದ ನೀರಿಗಿಳಿದು ಬಲೆ ಬೀಸಿದಳು. ಅದು ಮುದ್ದೆಯಾಗಿ ದೊಪ್ಪನೆ ಬಿತ್ತು.

"ಅವ್ವ ಹೇಳಿದ್ದು ಸರಿ, ನಿಂಗೆ ಬರಲ್ಲ!" ಎಂದು ದಡದಿಂದ ಕೂಗಿದಳು ತೊರಿಕಾ.

"ನಿಂಗೆ ಬರತ್ತಾ?"

ತೊರಿಕಾಗೂ ಬರುತ್ತಿರಲಿಲ್ಲ. ಅವಳು ಕಪ್ಪು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದಳು. ಪಾದಕ್ಕೆ ಅಂಟಿದ್ದ ಸಮಾಧಿಯ ಕೆಂಪು ಮಣ್ಣು ನೀರಿಗೆ ಬಿಟ್ಟುಕೊಳ್ಳುತ್ತಿದ್ದಂತೆ ಒದ್ದೆ ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಅವ್ವ ನಿಲ್ಲುತ್ತಿದ್ದ ಹಾಗೆ ಕಾಲು ಅಗಲಿಸಿ ನಿಂತು ಬೀಸಿದಳು. ಬಲೆ ಅರ್ಧ ಅರಳಿ ನೀರಿಗೆ ಬಿತ್ತು.