ಬರ್ತೀನಿ ಅನ್ನುವ ಒಂದೇ ಬಟನ್

ಹೆಬ್ಬೆರಳು ಫೋನಿನ ಗಾಜಿನ ಮೇಲೆ ಒಂದು ಕೂದಲೆಳೆ ಎತ್ತರದಲ್ಲಿ ನಿಂತುಬಿಟ್ಟಿದೆ, ಉಳಿ ತಾಗಿ ಸೀಳಿದ ಉಗುರು, ನಲವತ್ತು ವರ್ಷ ಮರ ಕೆತ್ತಿದ ದೊಡ್ಡಪ್ಪನ ಹೆಬ್ಬೆರಳು — ಒತ್ತಿ ದೊಡ್ಡಪ್ಪ ಅನ್ನಬಾರದು, ಬಾಯಿಗೆ ಬೀಗ, ಡಾಕ್ಟರ ಷರತ್ತೇ ಅದು, ನೀನು ಹೇಳಿಕೊಡಬಾರದಮ್ಮ, ಈ ಹೊಸ ಆ್ಯಪಲ್ಲಿ ಪೇಶೆಂಟುಗಳು ತಾವಾಗೇ ಸರದಿ ಹಿಡೀಬೇಕು, ಇವತ್ತು ಆಗ್ಲಿಲ್ಲ ಅಂದ್ರೆ ಹಳೇ ಆ್ಯಪೇ ಇರ್ಲಿ. ಹಳೆಯದು! ಅದೂ ನಾನೇ ಮಾಡಿದ್ದು, ಡಯಾಲಿಸಿಸ್‌ಗೆ ಮುಂದಿನ ಸರದಿ ಹಿಡಿಯಲು ಹನ್ನೊಂದು ಪರದೆ, ಪಾಸ್‌ವರ್ಡ್, ದಿನಾಂಕ, ವೇಳೆ, ಮಂಚದ ನಂಬರು, ಕೊನೆಗೊಂದು ನೀಲಿ ಬಟನ್, ಸಲ್ಲಿಸಿ, ಎಷ್ಟು ಬೀಗಿದ್ದೆ ನಾನು, ಬಹುಮಾನ ಬೇರೆ ಬಂದಿತ್ತು, ದೊಡ್ಡಪ್ಪ ಮಾತ್ರ ಕನ್ನಡಕ ಮೇಲೆತ್ತಿ ಸಲ್ಲಿಸಿ ಅಂದ್ರೇನೇ ಪುಟ್ಟಿ, ಯಾರಿಗೆ ಶ್ರದ್ಧಾಂಜಲಿ ಅಂದರು, ನಾನು ನಕ್ಕೆ, ನಕ್ಕು ಮರೆತೆ — ಮುಂದಿನ ವಾರ ಆ ಬಟನ್ ಒತ್ತದೆ ಅವರ ಸರದಿ ತಪ್ಪಿತು, ಕಾಲು ಊದಿತು, ಉಸಿರು ಕಟ್ಟಿತು, ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ನಂಗೇ ಗೊತ್ತಾಗ್ಲಿಲ್ಲ ಬಿಡೇ ಎಂದರು, ತಪ್ಪೆಲ್ಲ ತಮ್ಮದೇ ಎಂಬಂತೆ, ಅವತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆಮೇಲೆ ಕಿತ್ತೆ, ಪಾಸ್‌ವರ್ಡ್ ಕಿತ್ತೆ, ಮಂಚ ಕಿತ್ತೆ, ದಿನಾಂಕ ಕೇಳುವುದನ್ನೂ ಕಿತ್ತೆ, ಮುಂದಿನ ಸರದಿ ಯಾವತ್ತೆಂದು ಆಸ್ಪತ್ರೆಗೆ ಗೊತ್ತೇ ಇರುವಾಗ ಇವರನ್ನೇಕೆ ಕೇಳಬೇಕು, ಆಫೀಸಿನಲ್ಲಿ ಬಾಸ್ ಹೌಹಾರಿದರು, ಇಷ್ಟೊಂದು ಖಾಲಿ ಯಾಕಮ್ಮ, ಇಲ್ಲೊಂಚೂರು ಹವಾಮಾನ ಹಾಕು — ಹವಾಮಾನ ನೋಡೋಕೆ ಕಿಟಕಿ ಇದೆ ಸಾರ್ — ಕೊನೆಗೆ ಉಳಿದದ್ದು ಒಂದು ಪರದೆ, ಒಂದು ಬಟನ್, ಅದರ ಮೇಲೆ ಬರ್ತೀನಿ.

ಬರ್ತೀನಿ ಅಂತಿದೆಯಲ್ಲ, ಬಂದೇ ಇದ್ದೀನಲ್ಲ, ಇನ್ನೆಲ್ಲಿಗೆ ಬರ್ಲಿ, ದೊಡ್ಡಪ್ಪ ಗೊಣಗಿ ಫೋನನ್ನು ಜೇಬಿಗೆ ಇಳಿಸುತ್ತಾರೆ, ಮುಗಿಯಿತು, ಡಾಕ್ಟರು ಆಗಲೇ ಗಡಿಯಾರ ನೋಡುತ್ತಿದ್ದಾರೆ, ಸಿಸ್ಟರ್ ದೊಡ್ಡಪ್ಪನ ತೋಳಿನ ಹತ್ತಿ ಒತ್ತಿ ಪಟ್ಟಿ ಅಂಟಿಸಿದರು, ದೊಡ್ಡಪ್ಪ ಚಪ್ಪಲಿ ಮೆಟ್ಟಿದರು, ಬಾಗಿಲ ತನಕ ಹೋದರು, ತಿರುಗಿದರು, ಹೊರಡುವಾಗ ಯಾರಾದರೂ ಹೋಗ್ತೀನಿ ಅನ್ನುತ್ತಾರೆಯೇ, ಬರ್ತೀನಮ್ಮಾ ಎಂದರು ಸಿಸ್ಟರಿಗೆ, ಎಂದವರು ಏನೋ ಹೊಳೆದು ಫೋನು ತೆಗೆದರು, ಓಹೋ ಇದಕ್ಕಾ, ಇದಕ್ಕೂ ಹೇಳೇ ಹೋಗ್ಬೇಕಾ, ಆಯ್ತಪ್ಪ ಬರ್ತೀನಿ — ಒತ್ತಿಬಿಟ್ಟರು! ಅಯ್ಯೋ, ಅದು ಹೊರಡುವ ಮಾತಲ್ಲ ದೊಡ್ಡಪ್ಪ ಅಂತ ನಾಲಿಗೆ ತುದಿಗೆ ಬಂತು, ಅಷ್ಟರಲ್ಲಿ ಸರದಿ ತೋರಿಸುವ ಗೋಡೆಯ ಬೋರ್ಡಿನಲ್ಲಿ ಹಸಿರು ದೀಪ, ಗುರುವಾರ, ಬೆಳಿಗ್ಗೆ ಏಳು, ಮೂರನೇ ಮಂಚ, ಅವರ ಹೆಸರು. ಹೊರಡುವ ಮಾತೇ ಮತ್ತೆ ಬರುವ ಮಾತು, ನನಗೇ ಹೊಳೆದಿರಲಿಲ್ಲವಲ್ಲ! ಪಕ್ಕದ ಮಂಚದ ಬಸ್ ಡ್ರೈವರು ನೋಡಿದರು, ನಂದೂ ಒಂದು ಇರ್ಲಿ, ಬರ್ತೀನಿ, ಒತ್ತಿದರು, ಹಸಿರು, ಅದರಾಚೆ ಮಂಚದ ಟೀಚರಮ್ಮ ಒತ್ತಿದರು, ಹಸಿರು, ಇವ್ರಿಗೆಲ್ಲ ಯಾರಮ್ಮ ಹೇಳಿಕೊಟ್ಟಿದ್ದು ಅಂತ ಡಾಕ್ಟರು ಕಣ್ಣರಳಿಸಿ ಕೇಳುತ್ತಾರೆ — ನಾನಲ್ಲ ಸಾರ್, ಅವರವರ ಅಮ್ಮಂದಿರು, ಮಾತು ಕಲಿಯೋವಾಗ. ಗೆದ್ದೆ, ಕುಣಿಯಬೇಕು ಅನ್ನಿಸುತ್ತಿದೆ, ಡಾಕ್ಟರು ಹಳೇ ಆ್ಯಪ್ ತೆಗೆಸಿಬಿಡಮ್ಮ ಅನ್ನುತ್ತಿದ್ದಾರೆ, ಬಾಸಿಗೆ ಫೋನ್ ಮಾಡಬೇಕು, ಕಣ್ಣೇಕೆ ಮಂಜಾಯಿತು, ಗುರುವಾರ ದೊಡ್ಡಪ್ಪ ಬರುತ್ತಾರೆ, ಅದರ ಮುಂದಿನ ಸಲವೂ ಬರುತ್ತಾರೆ, ಏನೂ ಇಲ್ಲದ ಬಿಳಿ ಪರದೆ, ಅದರ ಮೇಲೆ ಆ ಹೆಬ್ಬೆರಳು, ಒತ್ತಿ ಆದಮೇಲೂ ಎತ್ತದೆ, ಗಟ್ಟಿಯಾಗಿ, ಸೀಳಿದ ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ —