ಮುಳ್ಳುಗಿಡದ ಕಾವಲು

ಸಿದ್ಧಾರ್ಥನಗರದಲ್ಲಿ ಬೆಳಗಾಗೆದ್ದು ವಾಕಿಂಗ್ ಹೋಗುವವರಲ್ಲಿ ಅರ್ಧ ಜನ ಆರೋಗ್ಯಕ್ಕೆ ಹೋಗುತ್ತಾರೆ, ಇನ್ನರ್ಧ ಹೂವಿಗೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಬಾಯಲ್ಲಿ ದೇವರನಾಮ, ಕಣ್ಣು ಕಂಡವರ ಕಾಂಪೌಂಡಿನ ಮೇಲೆ. ಪೂಜೆಗೆ ಕಿತ್ತರೆ ಕಳ್ಳತನವಲ್ಲವಂತೆ! ನಿವೃತ್ತ ಡ್ರಿಲ್ ಮೇಷ್ಟ್ರು ಕರಿಬಸವಯ್ಯನವರಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಇದಕ್ಕೇ. ತಮ್ಮ ದಾಸವಾಳ ಅರಳಿದ್ದನ್ನು ಅವರೇ ನೋಡಿ ಎಷ್ಟೋ ಕಾಲವಾಗಿತ್ತು. ಎದುರುಮನೆ ಏಕಾಂತಯ್ಯನವರ ಪೂಜೆ ಮಾತ್ರ ಭರ್ಜರಿಯಾಗಿ ನಡೆಯುತ್ತಿತ್ತು.

ಕೊನೆಗೆ ರೋಸಿಹೋಗಿ ದಾಸವಾಳವನ್ನು ಕಡಿಸಿದರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಬಯಲುಗಳಲ್ಲಿ ತಾನೇ ತಾನಾಗಿ ಬೆಳೆಯುವ ಮುಳ್ಳುಗಿಡದ ಬೀಜ ತರಿಸಿ ಅಲ್ಲಿ ಹಾಕಿದರು. ಎಲೆಗೆ ಮುಳ್ಳು, ಕಾಂಡಕ್ಕೆ ಮುಳ್ಳು, ಹೂವಿನ ಕತ್ತಿಗೂ ಮುಳ್ಳು. ನಡುವೆ ಅರಿಸಿನದಂಥ ಹಳದಿ ಹೂವು.

ಯಾರೂ ಕೀಳಲಿಲ್ಲ. ತೊಂದರೆಯೆಂದರೆ, ಕರಿಬಸವಯ್ಯನವರಿಗೂ ಕೀಳಲಾಗಲಿಲ್ಲ. ಮೊದಲ ಸಲ ಕೈ ಹಾಕಿ, "ಅಯ್ಯಯ್ಯಪ್ಪಾ!" ಎಂದು ಹೆಬ್ಬೆರಳು ಚೀಪುತ್ತ ಒಳಗೋಡಿದರು. ಇನ್ನೊಂದು ಸಲ ಅರ್ಧ ಪಂಚೆ ಗಿಡಕ್ಕೇ ಉಳಿಯಿತು.

"ಒಂದ್ ಹೂವೂ ಗೇಟ್ ದಾಟಿಲ್ಲ, ನೋಡ್ದೇನೇ?" ಎಂದು ಹೆಂಡತಿ ಕೆಂಚಮ್ಮನ ಮುಂದೆ ಮೀಸೆ ತಿರುವಿದರು.

"ದೇವ್ರ ಕೋಣೆಗೂ ಬಂದಿಲ್ಲ ಕಣ್ರೀ! ಶುಕ್ರವಾರ ದೇವ್ರಿಗೆ ಹೂವಿಲ್ದಿದ್ರೆ ಆ ಪೀಡೆನ ಕಿತ್ತ್ ಎಸೆಸ್ಬುಡ್ತೀನಿ, ಅಷ್ಟೇ."

ಕರಿಬಸವಯ್ಯನವರು ಇಕ್ಕಟ್ಟಿಗೆ ಸಿಕ್ಕಿದರು. ಗಿಡ ಹೋದರೆ ಏಕಾಂತಯ್ಯ ಬೀದಿಯೆಲ್ಲ ನಗುತ್ತಾನೆ. ಗಿಡ ಉಳಿಯಬೇಕಾದರೆ ಹೂವು ಬೇಕು. ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿರುವಾಗಲೇ ಶುಕ್ರವಾರ ಬಂತು.

ಬೆಳಗ್ಗೆ ಗಿಡದ ಕಡೆಯಿಂದ 'ಚಟ್' ಎಂದು ಸದ್ದಾಯಿತು. ಕಿಟಕಿಯಲ್ಲಿ ಇಣುಕಿದರೆ ಏಕಾಂತಯ್ಯ! ಕೈಯಲ್ಲಿ ಅಡುಗೆಮನೆಯ ಇಕ್ಕಳ! ಹೂವಿನ ಕತ್ತು ಹಿಡಿದು, ತಿರುಚಿ, ಬುಟ್ಟಿಗೆ ಹಾಕುತ್ತಿದ್ದಾರೆ. ಮೇಷ್ಟ್ರು ಹಳೇ ಸೀಟಿ ಊದಿಕೊಂಡು ಹೊರಗೆ ನುಗ್ಗಿದರು. ಬೀದಿ ನಾಯಿಗಳೆಲ್ಲ ಎದ್ದವು.

"ಸಿಕ್ಕಾಕ್ಕೊಂಡ್ರಲ್ಲಾ ಸ್ವಾಮಿ! ನಾಚ್ಕೆ ಆಗಲ್ವಾ? ಕಾಂಪೌಂಡ್ ಒಳಕ್ಕೇ ಬಂದ್ಬುಟ್ರಾ?" ಎಂದು ಇಕ್ಕಳ ಕಿತ್ತುಕೊಂಡರು. ನೋಡಿದರೆ ಅದರ ಒಂದು ಕಾಲು ಸೊಟ್ಟ. ಹೋದ ವರ್ಷ ಗೋಡೆಯ ಮೊಳೆ ಕೀಳಲು ಹೋಗಿ ಅದನ್ನು ಸೊಟ್ಟ ಮಾಡಿದವರು ತಾವೇ.

"ಇದು ನಮ್ಮನೇದು!"

"ನಿಮ್ಮನೇದೇ ಕಣ್ರೀ. ಕೆಂಚಮ್ಮನೋರೇ ಕೊಟ್ಟವ್ರೆ," ಎಂದರು ಏಕಾಂತಯ್ಯ ತಣ್ಣಗೆ. "ನಿಮ್ ದೇವ್ರಿಗರ್ಧ, ನಮ್ ದೇವ್ರಿಗರ್ಧ ಅಂತ ಮಾತಾಗೈತೆ."

ಬಾಗಿಲಲ್ಲಿ ಕೆಂಚಮ್ಮ ಹರಿವಾಣ ಹಿಡಿದು ನಿಂತಿದ್ದರು. "ಏನ್ರೀ ಅದು ಸೀಟಿ, ಬೆಳಗ್ಗೆಬೆಳಗ್ಗೆ! ನಿಮ್ ಕೈಲಿ ಆಗ್ಲಿಲ್ಲ. ಇಷ್ಟ್ ವರ್ಷ ನಮ್ ಹೂವು ಕಿತ್ತೂ ಕಿತ್ತೂ ಕೈ ಪಳಗಿರೋದು ಈ ಅಣ್ಣಂಗೇ ತಾನೆ?"

ಮೇಷ್ಟ್ರಿಗೆ ಕೋಪ, ನಾಚಿಕೆ, ಗಿಡ ಉಳಿಯಿತೆಂಬ ಸಂತೋಷ, ಮೂರೂ ಒಟ್ಟಿಗೆ ಬಂದವು. ಇಕ್ಕಳ ವಾಪಸು ಕೊಟ್ಟರು. ಹೆಂಡತಿಯ ಕೈಯಿಂದ ಹರಿವಾಣ ಇಸಿದುಕೊಂಡು ಗಿಡದ ಕೆಳಗೆ ಹಿಡಿದರು.

"ಸ್ವಲ್ಪ ಎಡಕ್ಕೆ," ಎಂದರು ಗಂಟಲು ಸರಿಮಾಡಿಕೊಂಡು. "ಅಲ್ಲಿ ಒಳಗೊಂದು ದೊಡ್ಡದಿದೆ, ಬುಡಬೇಡಿ ಅದನ್ನ."